ಪೆರು ಊಟ ನ್ಯೂ ಜೆರ್ಸಿಯಲ್ಲಿ: ಯಾವಾಗ ಹೋಗಬೇಕು, ಏನು ಕೇಳಬೇಕು

ಪ್ರಶ್ನೆ: ಹೋದ ವರ್ಷ ಮನೆಯವರೆಲ್ಲ ಪೆರು ದೇಶಕ್ಕೆ ಹೋಗಿದ್ದೆವು. ಮಾಚು ಪಿಚು ನೋಡೋಕೆ ಅಂತ ಹೋದವರು ಅಲ್ಲಿನ ಊಟಕ್ಕೆ ಮನಸೋತು ಬಂದೆವು. ರಾಜಧಾನಿ ಲಿಮಾದಲ್ಲಿ ತಿಂದ ಸೆವಿಚೆ, ಅಂದರೆ ನಿಂಬೆರಸ ಹಾಕಿದ ಹಸಿ ಮೀನು, ಇನ್ನೂ ನೆನಪಾಗುತ್ತದೆ. ನ್ಯೂ ಜೆರ್ಸಿಯ ಎಡಿಸನ್‌ಗೆ ವಾಪಸ್ ಬಂದ ಮೇಲೆ ಇಲ್ಲಿನ ಎರಡು ಪೆರುವಿಯನ್ ಹೋಟೆಲ್‌ಗಳಿಗೆ ರಾತ್ರಿ ಊಟಕ್ಕೆ ಹೋದೆವು. ಎರಡೂ ಕಡೆ ಸೆವಿಚೆ ತರಿಸಿದೆ. ಮೀನು ರಬ್ಬರ್ ಥರ ಇತ್ತು, ರಸ ಕಹಿ. ಅಸಲಿ ಪೆರು ಊಟ ಸಿಗುವ ಜಾಗವನ್ನು ಗುರುತಿಸೋದು ಹೇಗೆ? ನನ್ನ ಹೆಂಡತಿ ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಅವರಿಗೆ ಏನು ತರಿಸಬಹುದು?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ರಾತ್ರಿ ಹೋದಿರಿ, ಸೆವಿಚೆ ತರಿಸಿದಿರಿ, ಮೀನು ರಬ್ಬರ್ ಆಗಿತ್ತು. ಈ ಮೂರಕ್ಕೂ ನಂಟಿದೆ.

ಲಿಮಾದಲ್ಲಿ ಸೆವಿಚೆ ಮಧ್ಯಾಹ್ನದ ಊಟ. ಸೆವಿಚೆಗಾಗಿಯೇ ಇರುವ ಹೋಟೆಲ್‌ಗಳನ್ನು ಅಲ್ಲಿ ಸೆವಿಚೆರಿಯಾ ಅನ್ನುತ್ತಾರೆ. ಅವುಗಳಲ್ಲಿ ಹೆಚ್ಚಿನವು ಸಂಜೆ ನಾಲ್ಕೈದರ ಹೊತ್ತಿಗೆ ಬಾಗಿಲು ಹಾಕುತ್ತವೆ. ಬೆಳಗ್ಗೆ ದಡಕ್ಕೆ ಬಂದ ಮೀನು ಮಧ್ಯಾಹ್ನ ತಟ್ಟೆಗೆ ಬರಬೇಕು, ಅಷ್ಟೇ ಲೆಕ್ಕ. ಹಳೆಯ ತಲೆಮಾರಿನ ಲಿಮಾದವರು ರಾತ್ರಿ ಸೆವಿಚೆ ಮುಟ್ಟುವುದಿಲ್ಲ. ನ್ಯೂ ಜೆರ್ಸಿಯಲ್ಲಿ ರಾತ್ರಿ ಒಂಬತ್ತಕ್ಕೂ ಸಿಗುತ್ತದೆ, ಯಾಕೆಂದರೆ ಇಲ್ಲಿ ಜನ ಬರುವುದೇ ಆಗ. ಕೆಲವು ಅಡುಗೆಮನೆಗಳಲ್ಲಿ ಗಿರಾಕಿ ಜಾಸ್ತಿ ಇರುವ ಹೊತ್ತಿಗೆ ಅಂತ ಮೊದಲೇ ಒಂದು ಡಬ್ಬಿ ತುಂಬಾ ಮೀನಿಗೆ ನಿಂಬೆರಸ ಹಾಕಿ ಇಟ್ಟುಬಿಡುತ್ತಾರೆ. ಹುಳಿ ತಾಗಿದ ಮೀನು ಬೆಂದ ಹಾಗೆ ಬೆಳ್ಳಗಾಗುತ್ತದೆ. ಐದು ನಿಮಿಷ ಇದ್ದರೆ ಹೊರಗೆ ಬಿಳುಪು, ಒಳಗೆ ಮೆತ್ತಗೆ. ಎರಡು ಗಂಟೆ ಇದ್ದರೆ ರಬ್ಬರ್. ನಿಮಗೆ ಸಿಕ್ಕಿದ್ದು ಅದೇ ಅನ್ನಿಸುತ್ತದೆ.

ಕಹಿಗೆ ಕಾರಣ ನಿಂಬೆ ಹಿಂಡಿದ ರೀತಿ. ನಾನು ಲಿಮಾದ ಒಂದು ಅಡುಗೆಮನೆಯಲ್ಲಿ ಎರಡು ವರ್ಷ, ಆಮೇಲೆ ನ್ಯೂ ಜೆರ್ಸಿಯಲ್ಲಿ ಏಳು ವರ್ಷ ಕೆಲಸ ಮಾಡಿದ್ದೇನೆ. ಲಿಮಾದಲ್ಲಿ ಮೊದಲ ವಾರ ನನಗೆ ಕೊಟ್ಟ ಕೆಲಸ ನಿಂಬೆ ಹಿಂಡುವುದು ಮಾತ್ರ. ಒಂದು ಹೋಳನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಒತ್ತಬೇಕು. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ರಸ ಬಂದ ಕೂಡಲೇ ಬಿಟ್ಟುಬಿಡಬೇಕು. ಕೊನೆಯ ಹನಿಗೆ ಆಸೆಪಟ್ಟು ತಿರುಚಿದರೆ ಸಿಪ್ಪೆಯ ಎಣ್ಣೆ ರಸಕ್ಕೆ ಇಳಿಯುತ್ತದೆ, ಕಹಿಯಾಗುತ್ತದೆ. ಅಲ್ಲಿನ ಮುಖ್ಯ ಅಡುಗೆಯವರು ನಾನು ಎಸೆದ ಹೋಳುಗಳನ್ನು ಬುಟ್ಟಿಯಿಂದ ತೆಗೆದು ನೋಡುತ್ತಿದ್ದರು. ಹೋಳು ಪೂರ್ತಿ ಒಣಗಿದ್ದರೆ ಆ ಬಟ್ಟಲಿನ ರಸವನ್ನು ಹಾಗೇ ಸಿಂಕಿಗೆ ಚೆಲ್ಲುತ್ತಿದ್ದರು. ಮೀನು, ಉಪ್ಪು, ಖಾರದ ಮೆಣಸಿನಕಾಯಿ, ಕೊನೆಗೆ ರಸ, ಜೊತೆಗೆ ಎರಡು ತುಂಡು ಐಸ್. ಕೈಯಾಡಿಸಿ, ಐಸ್ ತೆಗೆದು, ನೇರ ತಟ್ಟೆಗೆ. ಅದರ ಮೇಲೆ ತೆಳ್ಳಗೆ ಹೆಚ್ಚಿದ ಕೆಂಪು ಈರುಳ್ಳಿ. ಎಲ್ಲ ಸೇರಿ ಹತ್ತು ನಿಮಿಷದ ಒಳಗಿನ ಕೆಲಸ. ತಳದಲ್ಲಿ ಉಳಿಯುವ ಹಾಲಿನ ಬಣ್ಣದ ರಸಕ್ಕೆ ಲೆಚೆ ದೆ ತೀಗ್ರೆ ಅಂತ ಹೆಸರು, ಅಂದರೆ ಹುಲಿಯ ಹಾಲು. ಅದನ್ನು ಚಮಚದಲ್ಲಿ ಕುಡಿಯಬೇಕು ಅನ್ನಿಸಿದರೆ ಸೆವಿಚೆ ಸರಿ ಇದೆ ಅಂತ ಅರ್ಥ.

ಇಲ್ಲೊಂದು ವಿಷಯ ಹೇಳಲೇಬೇಕು. ಪೆರುವಿನ ನಿಂಬೆ ಚಿಕ್ಕದು, ತೆಳು ಸಿಪ್ಪೆ, ಬೀಜ ಜಾಸ್ತಿ, ಹುಳಿ ಚುರುಕು. ನಮ್ಮೂರ ಸಂತೆಯಲ್ಲಿ ಗುಡ್ಡೆ ಹಾಕಿ ಮಾರುವ ನಿಂಬೆಹಣ್ಣಿನ ಜಾತಿಯೇ ಅದು. ಅಮೆರಿಕದ ಸೂಪರ್‌ಮಾರ್ಕೆಟ್‌ನಲ್ಲಿ ಸಿಗುವುದು ಪರ್ಷಿಯನ್ ಲೈಮ್. ದೊಡ್ಡದು, ಬೀಜವಿಲ್ಲ, ದಪ್ಪ ಸಿಪ್ಪೆ, ಘಮ ಬೇರೆ. ಹಾಗಾಗಿ ಇಲ್ಲಿನ ಒಳ್ಳೆಯ ಅಡುಗೆಯವರು ಅದೇ ಚಿಕ್ಕ ಜಾತಿಯ ಕೀ ಲೈಮ್ ಹುಡುಕಿ ತರುತ್ತಾರೆ. ಅದು ದುಬಾರಿ, ಹಿಂಡಲು ಹೊತ್ತು ಬೇಕು. ತಟ್ಟೆಯ ಬೆಲೆ ಎರಡು ಡಾಲರ್ ಜಾಸ್ತಿ ಇದ್ದರೆ ಒಮ್ಮೊಮ್ಮೆ ಕಾರಣ ಇದೇ.

ಮೀನಿನ ವಿಷಯದಲ್ಲಿ ಮಾತ್ರ ನ್ಯೂ ಜೆರ್ಸಿಯವರು ಅದೃಷ್ಟವಂತರು. ಲಿಮಾದಲ್ಲಿ ಸೆವಿಚೆಗೆ ಬಹಳ ಮರ್ಯಾದೆ ಇರುವ ಮೀನು ಲೆಂಗ್ವಾದೊ. ಮಲಗಿದ ಹಾಗೆ ಚಪ್ಪಟೆಯಾಗಿರುವ ಜಾತಿ. ಅದೇ ಬಳಗದ ಫ್ಲೂಕ್ ಮೀನು ನ್ಯೂ ಜೆರ್ಸಿ ಕಡಲಲ್ಲೇ ಸಿಗುತ್ತದೆ, ಅದರಲ್ಲೂ ಬೇಸಿಗೆಯಲ್ಲಿ. ಆದ್ದರಿಂದ ಹೋಟೆಲ್‌ಗೆ ಹೋದ ಕೂಡಲೇ ಒಂದೇ ಪ್ರಶ್ನೆ ಕೇಳಿ: “ಇವತ್ತು ಸೆವಿಚೆಗೆ ಯಾವ ಮೀನು?” ಫ್ಲೂಕ್, ಕೊರ್ವಿನಾ, ಸೀ ಬಾಸ್ ಅಂತ ಥಟ್ಟನೆ ಉತ್ತರ ಬಂದರೆ ಕೂತುಕೊಳ್ಳಿ. “ಬಿಳಿ ಮೀನು” ಅಂತ ತೇಲಿಸಿದರೆ, ಅಥವಾ ತಿಲಾಪಿಯಾ ಅಂದರೆ, ಆ ದಿನ ಬೇರೆ ಏನಾದರೂ ತರಿಸಿ. ಹೋಗುವುದು ಶನಿವಾರ ಅಥವಾ ಭಾನುವಾರ ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರ ಒಳಗೆ.

ಸೆವಿಚೆ ವಿಷಯ ಇಷ್ಟು ಹೇಳಿದ ಮೇಲೂ ನನ್ನ ಸಲಹೆ ಬೇರೆಯೇ. ಹೊಸ ಹೋಟೆಲ್ ಒಂದನ್ನು ಅಳೆಯಲು ಸೆವಿಚೆ ಸರಿಯಾದ ತಟ್ಟೆ ಅಲ್ಲ. ಕಡಲು, ನಿಂಬೆ, ಹೊತ್ತು ಮೂರೂ ಕೂಡಿ ಬರಬೇಕಾದ ತಿಂಡಿ ಅದು. ಊರು ಬಿಟ್ಟು ಬಂದರೂ ರುಚಿ ಕೆಡದ ಅಡುಗೆಗಳು ಪೆರುವಿನಲ್ಲಿ ಬೇಕಾದಷ್ಟಿವೆ. ಮೊದಲ ಸಲ ಹೋದಾಗ ಅವನ್ನು ಕೇಳಿ. ಆ ಎಲ್ಲ ಅಡುಗೆಗಳ ಬೆನ್ನೆಲುಬು ಒಂದು ಮೆಣಸಿನಕಾಯಿ: ಅಹೀ ಅಮರೀಯೊ.

ಅಹೀ ಅಂದರೆ ಮೆಣಸಿನಕಾಯಿ, ಅಮರೀಯೊ ಅಂದರೆ ಹಳದಿ. ಹೆಸರು ಹಳದಿಯಾದರೂ ಹಣ್ಣಾದಾಗ ಬಣ್ಣ ಕಿತ್ತಳೆ. ಹಾಲು, ಚೀಸ್ ಜೊತೆ ರುಬ್ಬಿದಾಗ ಹಳದಿಗೆ ತಿರುಗುತ್ತದೆ. ನಮ್ಮ ಬ್ಯಾಡಗಿ, ಗುಂಟೂರು ಎಲ್ಲ ಸೇರಿದ ಜಾತಿಯೇ ಬೇರೆ, ಇದರದ್ದೇ ಬೇರೆ. ಖಾರ ಇದೆ, ಆದರೆ ಖಾರಕ್ಕಿಂತ ಮೊದಲು ಮೂಗಿಗೆ ಹಣ್ಣಿನ ಪರಿಮಳ ಬರುತ್ತದೆ. ಬೇರೆ ಯಾವ ಮೆಣಸಿನಕಾಯಿಯನ್ನೂ ಇದರ ಬದಲಿಗೆ ಹಾಕಲು ಆಗುವುದಿಲ್ಲ. ಹಾಕಿದರೆ ನನಗೆ ಮೊದಲ ತುತ್ತಿಗೇ ಗೊತ್ತಾಗುತ್ತದೆ, ಎರಡು ಸಲ ತಿಂದ ಮೇಲೆ ನಿಮಗೂ ಗೊತ್ತಾಗುತ್ತದೆ. ಸಂತೋಷದ ವಿಷಯ ಅಂದರೆ ಈ ಕಾಯಿ ಪ್ರಯಾಣಕ್ಕೆ ಹೇಳಿ ಮಾಡಿಸಿದ್ದು. ಇಡೀ ಕಾಯಿಗಳನ್ನು ಫ್ರೀಜ್ ಮಾಡಿ ಕಳಿಸುತ್ತಾರೆ, ಪೇಸ್ಟ್ ಮಾಡಿ ಬಾಟಲಿಯಲ್ಲೂ ಕಳಿಸುತ್ತಾರೆ. ಒಳ್ಳೆಯ ಅಡುಗೆಮನೆಯಲ್ಲಿ ಫ್ರೀಜ್ ಆದ ಕಾಯಿ ಇರುತ್ತದೆ.

ಅದನ್ನು ಹದ ಮಾಡುವುದು ನೋಡಿದರೆ ನಿಮಗೆ ನಮ್ಮ ಅಡುಗೆಮನೆಯೇ ನೆನಪಾಗುತ್ತದೆ. ಕಾಯಿ ಸೀಳಿ, ಬೀಜ, ನಾರು ತೆಗೆದು, ಖಾರ ಇಳಿಯಲಿ ಅಂತ ಎರಡು ಮೂರು ನೀರಿನಲ್ಲಿ ಕುದಿಸಿ ಬಸಿಯುತ್ತಾರೆ. ಸಿಪ್ಪೆ ಸುಲಿದು ನುಣ್ಣಗೆ ರುಬ್ಬುತ್ತಾರೆ. ಆಮೇಲೆ ಬಾಣಲೆಗೆ ಎಣ್ಣೆ, ಸಣ್ಣಗೆ ಹೆಚ್ಚಿದ ಕೆಂಪು ಈರುಳ್ಳಿ, ಬೆಳ್ಳುಳ್ಳಿ, ರುಬ್ಬಿದ ಅಹೀ. ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಬೇಕು. ಮೊದಲು ಹಸಿ ವಾಸನೆ, ಆಮೇಲೆ ಸಿಹಿ ವಾಸನೆ, ಕೊನೆಗೆ ಮಸಾಲೆ ಅಂಚಿನಲ್ಲಿ ಎಣ್ಣೆ ಬಿಡುತ್ತದೆ. ಇದಕ್ಕೆ ಅದೆರೆಸೊ ಅನ್ನುತ್ತಾರೆ. ನಮ್ಮಲ್ಲಿ ಸಾಗುವಿಗೆ ಮಸಾಲೆ ಹುರಿಯುವಾಗ “ಹಸಿ ವಾಸನೆ ಹೋಗಲಿ” ಅಂತ ಕಾಯುತ್ತೇವಲ್ಲ, ಅದೇ ತಾಳ್ಮೆ ಇಲ್ಲೂ ಬೇಕು. ಆ ತಾಳ್ಮೆ ಇಲ್ಲದ ಹೋಟೆಲ್‌ನಲ್ಲಿ ಯಾವ ಪದಾರ್ಥ ಹಾಕಿದರೂ ರುಚಿ ಮೇಲೆದ್ದು ಬರುವುದಿಲ್ಲ.

ಹಾಗಾಗಿ ಮೊದಲ ಸಲ ಹೋದಾಗ ಅಹೀ ದೆ ಗಯೀನಾ ತರಿಸಿ. ಕೋಳಿಯನ್ನು ಬೇಯಿಸಿ, ಎಳೆ ಎಳೆ ಬಿಡಿಸಿ, ಅದೆರೆಸೊಗೆ ನೆನೆಸಿದ ಬ್ರೆಡ್ಡು, ಅಕ್ರೋಟು, ಹಾಲು ಸೇರಿಸಿ ಗಟ್ಟಿ ಮಾಡಿದ ಪಲ್ಯದಂಥ ಅಡುಗೆ. ಅನ್ನ, ಬೇಯಿಸಿದ ಆಲೂಗಡ್ಡೆ ಜೊತೆ ಬರುತ್ತದೆ. ತಪ್ಪು ಮುಚ್ಚಿಡಲು ಜಾಗವೇ ಇಲ್ಲದ ತಟ್ಟೆ ಇದು. ಅಹೀ ಸರಿಯಾಗಿ ಹುರಿದಿದ್ದರೆ ಚಿನ್ನದ ಬಣ್ಣ, ಮೆಲ್ಲಗೆ ಏರುವ ಖಾರ. ಇಲ್ಲದಿದ್ದರೆ ಬರೀ ಹಾಲಿನ ಗಂಜಿ. ಇದು ಚೆನ್ನಾಗಿದ್ದರೆ ಆ ಹೋಟೆಲ್‌ನಲ್ಲಿ ಉಳಿದದ್ದನ್ನೂ ನಂಬಬಹುದು.

ಇನ್ನೆರಡು ಗುರುತುಗಳು. ಒಂದು ಮೆಕ್ಕೆಜೋಳ. ಪೆರುವಿನ ಚೋಕ್ಲೊ ಕಾಳು ಹೆಬ್ಬೆರಳ ಉಗುರಿನಷ್ಟು ದೊಡ್ಡದು, ಬಿಳುಪು, ಸಿಹಿ ಕಡಿಮೆ, ಹಿಟ್ಟು ಹಿಟ್ಟಾಗಿರುತ್ತದೆ. ಇದೂ ಫ್ರೀಜ್ ಆಗಿ ಅಮೆರಿಕಕ್ಕೆ ಬರುತ್ತದೆ, ಲ್ಯಾಟಿನ್ ಅಂಗಡಿಗಳಲ್ಲಿ ಸಿಗುತ್ತದೆ. ಅದರ ಜಾಗದಲ್ಲಿ ಹಳದಿ ಸ್ವೀಟ್ ಕಾರ್ನ್ ಕಂಡರೆ ಖರ್ಚು ಉಳಿಸಿದ್ದಾರೆ ಅಂತ ತಿಳಿಯಿರಿ. ಇನ್ನೊಂದು ಮೇಜಿನ ಮೇಲೆ ಇಡುವ ಹಸಿರು ಸಾಸ್. ಕೊತ್ತಂಬರಿ, ಹಲಪೆನ್ಯೊ ಮೆಣಸಿನಕಾಯಿ, ಮಯೊನೀಸ್ ತಿರುವಿದ್ದು ಅಮೆರಿಕದಲ್ಲಿ ಜಾಸ್ತಿ ಚಾಲ್ತಿ. ರುಚಿಯಾಗಿಯೇ ಇರುತ್ತದೆ. ಆದರೆ ಅದರಲ್ಲಿ ವಾಕತಾಯ್ ಸೊಪ್ಪಿನ ವಾಸನೆ ಸಿಕ್ಕಿದರೆ ಒಳಗೆ ಪೆರುವಿನವರ ಕೈ ಇದೆ ಅಂತ ಧೈರ್ಯವಾಗಿ ಹೇಳಬಹುದು. ವಾಕತಾಯ್ ಚೆಂಡುಹೂವಿನ ಬಳಗದ ಗಿಡ. ಚೆಂಡುಹೂವಿನ ಎಲೆಯನ್ನು ಬೆರಳಲ್ಲಿ ಉಜ್ಜಿ ಮೂಸಿದ್ದೀರಾ? ಆ ಘಾಟಿಗೆ ಸ್ವಲ್ಪ ಪುದೀನ ಸೇರಿಸಿದ ಹಾಗೆ.

ಈಗ “ಅಸಲಿ” ಅನ್ನುವ ಮಾತಿಗೆ ಬರೋಣ. ಪೆರು ಅಡುಗೆಯಲ್ಲಿ ಅಸಲಿ ಅನ್ನುವುದು ಒಂದೇ ಬೇರಿನಿಂದ ಬಂದದ್ದಲ್ಲ. ನಿಂಬೆ, ಈರುಳ್ಳಿ ಸ್ಪೇನಿನವರು ತಂದದ್ದು. ಮೆಣಸಿನಕಾಯಿ, ಆಲೂಗಡ್ಡೆ ಆ ನೆಲದ್ದು. ಗುಲಾಮರಾಗಿ ಬಂದ ಆಫ್ರಿಕಾದವರ ಕೈಯಲ್ಲಿ ದನದ ಹೃದಯದ ಮಾಂಸ ಕಡ್ಡಿಗೆ ಏರಿ ಅಂತಿಕೂಚೊ ಆಯಿತು. 1849ರಿಂದ 1874ರವರೆಗೆ ಸುಮಾರು ಒಂದು ಲಕ್ಷ ಚೀನೀ ಕೂಲಿಗಳು ಕಬ್ಬಿನ ತೋಟಗಳಿಗೂ ಗ್ವಾನೊ ಅನ್ನುವ ಹಕ್ಕಿ ಹಿಕ್ಕೆಯ ಗೊಬ್ಬರ ಅಗೆಯಲೂ ಬಂದರು. ಅವರ ಬಾಣಲೆ, ಸೋಯಾ ಸಾಸ್, ಶುಂಠಿ ಪೆರುವಿನ ಮನೆಮನೆಗೆ ಹೋದವು. ಇವತ್ತಿಗೂ ಲಿಮಾದಲ್ಲಿ ಶುಂಠಿಗೆ ಸ್ಪ್ಯಾನಿಷ್ ಪದ ಬಿಟ್ಟು ಕಿಯೊನ್ ಅಂತಾರೆ, ಸೋಯಾ ಸಾಸ್‌ಗೆ ಸಿಯಾವ್. ಎರಡೂ ಕ್ಯಾಂಟನ್ ಕಡೆಯ ಮಾತು. 1899ರಲ್ಲಿ ಸಕುರಾ ಮಾರು ಹಡಗಿನಲ್ಲಿ 790 ಮಂದಿ ಜಪಾನಿಗಳು ಬಂದರು. ಸೆವಿಚೆಯನ್ನು ಗಂಟೆಗಟ್ಟಲೆ ನೆನೆಸಿಡುತ್ತಿದ್ದ ಅಭ್ಯಾಸ ನಿಮಿಷಗಳಿಗೆ ಇಳಿದದ್ದರಲ್ಲಿ ಹಸಿ ಮೀನು ಬಲ್ಲ ಅವರ ಮಕ್ಕಳು ಮೊಮ್ಮಕ್ಕಳ ಪಾತ್ರ ದೊಡ್ಡದು. ಲಿಮಾದ ಮಾಯ್ದೊ ಆ ಪೆರು-ಜಪಾನ್ ಅಡುಗೆಯದ್ದೇ ಹೋಟೆಲ್. 2025ರಲ್ಲಿ ವಿಶ್ವದ 50 ಅತ್ಯುತ್ತಮ ರೆಸ್ಟೋರೆಂಟ್‌ಗಳ ಪಟ್ಟಿಯಲ್ಲಿ ಅದಕ್ಕೆ ಮೊದಲ ಸ್ಥಾನ ಸಿಕ್ಕಿತು. ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಜೆರ್ಸಿ ಕಡಲಿನ ಫ್ಲೂಕ್ ಹಾಕಿದ ಸೆವಿಚೆ ನಕಲಿ ಅಲ್ಲ. ಬಂದ ಊರಿನಲ್ಲಿ ಸಿಕ್ಕ ಒಳ್ಳೆಯದನ್ನು ಹಿಡಿದು ಅಡುಗೆ ಮಾಡುವುದು ಪೆರುವಿನವರ ಹಳೆಯ ಪದ್ಧತಿ. ತಿಲಾಪಿಯಾ ಹಾಕುವುದು ಬೇರೆ ವಿಷಯ, ಅದು ಬರೀ ಅಗ್ಗದ ದಾರಿ.

ಚೀನೀಯರ ಬಾಣಲೆಯಿಂದ ಬಂದ ಲೊಮೊ ಸಾಲ್ತಾದೊ ನ್ಯೂ ಜೆರ್ಸಿಯಲ್ಲಿ ಲಿಮಾದಷ್ಟೇ ಚೆನ್ನಾಗಿ ಸಿಗುತ್ತದೆ. ದನದ ಮಾಂಸ, ಈರುಳ್ಳಿ, ಟೊಮೇಟೊ, ಅಹೀ, ಸೋಯಾ ಸಾಸ್, ವಿನೆಗರ್, ಎಲ್ಲ ದೊಡ್ಡ ಉರಿಯಲ್ಲಿ ಎರಡು ಮೂರು ನಿಮಿಷ. ಈರುಳ್ಳಿ ಕಚ್ಚಿದರೆ ಕರಕ್ ಅನ್ನಬೇಕು, ಟೊಮೇಟೊ ಕರಗಿರಬಾರದು. ಕೋಳಿ ತಿನ್ನುವವರಿಗೆ ಪೊಯೊ ಆ ಲಾ ಬ್ರಾಸ ಎಲ್ಲಕ್ಕಿಂತ ಸುಲಭದ ದಾರಿ. ಇದ್ದಿಲ ಬೆಂಕಿಯ ಮುಂದೆ ಸುತ್ತುತ್ತಾ ಬೇಯುವ ಇಡೀ ಕೋಳಿ. 1950ರಲ್ಲಿ ಲಿಮಾ ಹೊರವಲಯದ ಸಾಂತಾ ಕ್ಲಾರಾದಲ್ಲಿ ರೋಜರ್ ಶುಲರ್ ಅನ್ನುವ ಸ್ವಿಸ್ ಮನುಷ್ಯ ಲಾ ಗ್ರಾಂಹಾ ಅಸೂಲ್ ಹೋಟೆಲ್‌ನಲ್ಲಿ ಶುರು ಮಾಡಿದ್ದು. ಇದ್ದಿಲು ಬಳಸುವ ಕಡೆ ಮಾತ್ರ ಹೋಗಿ. ಬಾಗಿಲು ತೆಗೆಯುವ ಮೊದಲೇ ಬೀದಿಯಲ್ಲಿ ಹೊಗೆಯ ವಾಸನೆ ಸಿಗುತ್ತದೆ. ಕುಸ್ಕೋದಲ್ಲಿ ನೋಡಿದ ಕೂಯ್ (ಗಿನಿ ಹಂದಿ), ಅಲ್ಪಾಕಾ ಮಾಂಸ ಇವನ್ನೆಲ್ಲ ಇಲ್ಲಿ ಹುಡುಕಬೇಡಿ.

ಎಲ್ಲಿಗೆ ಹೋಗುವುದು? ನೀವು ಎಡಿಸನ್‌ನವರು, ಮುಕ್ಕಾಲು ಗಂಟೆ ಕಾರಲ್ಲಿ ಹೋದರೆ ಪ್ಯಾಟರ್ಸನ್. ಒಂದು ಕಾಲಕ್ಕೆ ರೇಷ್ಮೆ ಗಿರಣಿಗಳಿಗೆ ಹೆಸರಾದ ಊರು. ಗಿರಣಿ ಕೆಲಸಕ್ಕೆ ಬಂದ ವಲಸಿಗರ ಜೊತೆ ಪೆರುವಿನವರೂ ಬಂದು ನೆಲೆಸಿದರು. ಇವತ್ತು ಲಿಟ್ಲ್ ಲಿಮಾ ಅಂತಲೇ ಅಡ್ಡಹೆಸರು. ಪೆರು ಸರ್ಕಾರದ ಕಾನ್ಸುಲೇಟ್ ಕೂಡ ಆ ಊರಿನಲ್ಲಿದೆ. ಮಾರ್ಕೆಟ್ ಸ್ಟ್ರೀಟ್ ಕಡೆ ಒಂದು ಸುತ್ತು ಹಾಕಿ. ಮೆನುವಿನಲ್ಲಿ ಟಾಕೊ, ಬರಿಟೊ, ಪಾಸ್ತಾ ಎಲ್ಲ ಇರುವ ಹೋಟೆಲ್ ಬಿಡಿ. ಕೈಬರಹದಲ್ಲಿ ಸ್ಪ್ಯಾನಿಷ್‌ನಲ್ಲಿ ಆ ದಿನದ ಊಟ ಬರೆದಿರುವ ಕಡೆ, ಮಧ್ಯಾಹ್ನ ಅಜ್ಜಿ ಮೊಮ್ಮಕ್ಕಳು ಕೂತು ಊಟ ಮಾಡುತ್ತಿರುವ ಕಡೆ ಹೋಗಿ. ಜುಲೈ 28 ಪೆರುವಿನ ಸ್ವಾತಂತ್ರ್ಯ ದಿನ. ಆ ವಾರ ವರ್ಷವಿಡೀ ಮಾಡದ ಅಡುಗೆಗಳನ್ನೂ ಮಾಡುತ್ತಾರೆ, ಜನವೂ ಜಾಸ್ತಿ.

ಇನ್ನು ನಿಮ್ಮ ಹೆಂಡತಿಯವರ ಊಟ. ಇದು ನನಗೆ ಬಹಳ ಜನ ಕನ್ನಡದವರು ಕೇಳಿರುವ ಪ್ರಶ್ನೆ. ಸುಮ್ನೆ ಸಲಾಡ್ ತಿಂದು ಎದ್ದು ಬರುವ ಅಗತ್ಯ ಖಂಡಿತ ಇಲ್ಲ. ಆಲೂಗಡ್ಡೆ ಹುಟ್ಟಿದ ನಾಡು ಅದು. ಆಂಡೀಸ್ ಬೆಟ್ಟಗಳಲ್ಲಿ ನಾಟಿ ಆಲೂಗಡ್ಡೆ ತಳಿಗಳೇ ನಾಲ್ಕು ಸಾವಿರಕ್ಕೂ ಹೆಚ್ಚು. ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ 1971ರಿಂದ ಲಿಮಾದಲ್ಲೇ ಇದೆ. ಪಾಪಾ ಆ ಲಾ ವಾಂಕಾಯಿನಾ ತರಿಸಿ. ಬೇಯಿಸಿದ ಆಲೂಗಡ್ಡೆ ಬಿಲ್ಲೆಗಳ ಮೇಲೆ ಅಹೀ ಅಮರೀಯೊ, ಬಿಳಿ ಚೀಸ್, ಗಟ್ಟಿ ಹಾಲು, ಉಪ್ಪು ಬಿಸ್ಕತ್ತು ರುಬ್ಬಿದ ಸಾಸ್. ಸಾಸ್‌ನಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುವುದಿಲ್ಲ, ಆದರೆ ಮೇಲೆ ಬೇಯಿಸಿದ ಮೊಟ್ಟೆ ಇಡುತ್ತಾರೆ. ಬೇಡ ಅಂತ ಮೊದಲೇ ಹೇಳಿ. ಅರೆಕೀಪಾ ಕಡೆಯ ಓಕೋಪಾ ಸಿಕ್ಕರೆ ಅದನ್ನು ಬಿಡಲೇಬೇಡಿ. ಕಡಲೆಕಾಯಿ, ವಾಕತಾಯ್, ಚೀಸ್ ಹಾಕಿ ರುಬ್ಬಿದ ಸಾಸ್ ಅದು. ಶೇಂಗಾ ಚಟ್ನಿ ತಿಂದು ಬೆಳೆದವರಿಗೆ ಅದರ ಮೇಲೆ ಥಟ್ಟನೆ ಪ್ರೀತಿ ಬರುತ್ತದೆ. ಅದೇ ಊರಿನ ಸೊಲ್ತೆರೀತೊ ಅಂತ ಒಂದು ಕೋಸಂಬರಿಯಂಥ ತಟ್ಟೆ ಇದೆ, ಅಗಲ ಅವರೆ, ಚೋಕ್ಲೊ, ಚೀಸ್, ಈರುಳ್ಳಿ, ಖಾರದ ರೊಕೋತೊ ಮೆಣಸಿನಕಾಯಿ. ಕರಿದ ಮರಗೆಣಸಿನ ಜೊತೆ ವಾಂಕಾಯಿನಾ ಸಾಸ್ ಕೂಡ ಎಲ್ಲ ಕಡೆ ಸಿಗುತ್ತದೆ.

ಎಚ್ಚರ ಬೇಕಾದದ್ದು ಕಣ್ಣಿಗೆ ಕಾಣದ ಕಡೆ. ಕೀನ್ವಾ ಸೂಪ್ ಹೆಚ್ಚಾಗಿ ಕೋಳಿ ಬೇಯಿಸಿದ ನೀರಿನಲ್ಲೇ ಆಗುತ್ತದೆ. ಹಳದಿ ಬೀನ್ಸ್ ಕಾಳು, ಅನ್ನ ಕಲಸಿ ಕಾವಲಿಯಲ್ಲಿ ಕೆಂಪಗೆ ಹುರಿಯುವ ತಾಕು ತಾಕುಗೆ ಕೆಲವರು ಹಂದಿ ಕೊಬ್ಬು ಹಾಕುತ್ತಾರೆ. ಕೌಸಾ ಅನ್ನುವ ಆಲೂಗಡ್ಡೆ ಪದರದ ತಿಂಡಿಯನ್ನು ಬೆಣ್ಣೆಹಣ್ಣು ತುಂಬಿಸಿ ಮಾಡಿಕೊಡಿ ಅಂದರೆ ಕೊಡುತ್ತಾರೆ, ಆದರೆ ಮಯೊನೀಸ್ ಇರುತ್ತದೆ, ಅದರಲ್ಲಿ ಮೊಟ್ಟೆ. ಹಸಿರು ಸಾಸ್‌ಗೂ ಇದೇ ಮಾತು. ತರಕಾರಿ ಚಾವ್ಫಾ, ಅಂದರೆ ಫ್ರೈಡ್ ರೈಸ್, ಮೊಟ್ಟೆ ಬಿಟ್ಟು ಕೇಳಬೇಕು. “ಮಾಂಸ ಬೇಡ” ಅಂತಷ್ಟೇ ಹೇಳಿದರೆ ಸಾಲದು. ಸ್ಪ್ಯಾನಿಷ್‌ನಲ್ಲಿ ಕಾರ್ನೆ ಅಂದರೆ ಬಹಳ ಜನಕ್ಕೆ ದನದ ಮಾಂಸ ಮಾತ್ರ. ಕೋಳಿ ಹಾಕಿ ತಂದುಕೊಟ್ಟಾರು. ಹೀಗೆ ಹೇಳಿ: “ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ, ಸಿನ್ ವೇವೊ, ಸಿನ್ ಕಾಲ್ದೊ ದೆ ಪೊಯೊ.” ಮಾಂಸ, ಕೋಳಿ, ಮೀನು, ಮೊಟ್ಟೆ, ಕೋಳಿ ಸಾರು ಯಾವುದೂ ಬೇಡ ಅಂತ. ಹೋಗುವ ಹಿಂದಿನ ದಿನ ಮಧ್ಯಾಹ್ನ ಮೂರೂವರೆಗೆ ಫೋನ್ ಮಾಡಿ ಹೇಳಿದರೆ ಇನ್ನೂ ಒಳ್ಳೆಯದು. ಆಗ ಅಡುಗೆಮನೆಗೆ ಬಿಡುವು ಇರುತ್ತದೆ. ನಾನು ಕೆಲಸ ಮಾಡುವಾಗ ಹಾಗೆ ಫೋನ್ ಮಾಡಿದವರಿಗೆ ಅಂತಲೇ ಬೇರೆ ಬಾಣಲೆ ತೆಗೆದಿಡುತ್ತಿದ್ದೆವು.

ಕುಡಿಯಲು ಚೀಚಾ ಮೊರಾದಾ ಹೇಳಿ. ನೇರಳೆ ಮೆಕ್ಕೆಜೋಳವನ್ನು ತೆನೆಯ ಸಮೇತ, ಅನಾನಸ್ ಸಿಪ್ಪೆ, ಚಕ್ಕೆ, ಲವಂಗ ಹಾಕಿ ಕುದಿಸಿ, ಸೋಸಿ, ಆರಿದ ಮೇಲೆ ನಿಂಬೆ, ಸಕ್ಕರೆ ಸೇರಿಸುತ್ತಾರೆ. ಪುಡಿಯಿಂದ ಮಾಡಿದ್ದೋ ಕುದಿಸಿದ್ದೋ ಅಂತ ಕೇಳಿ, ಬೇಜಾರಾಗುವುದಿಲ್ಲ. ಪಿಸ್ಕೊ ಸಾರ್ ಅನ್ನುವ ಮದ್ಯದ ಪಾನೀಯದ ನೊರೆ ಮೊಟ್ಟೆಯ ಬಿಳಿಯದ್ದು, ಅದು ನಿಮ್ಮ ಹೆಂಡತಿಯವರಿಗೆ ಆಗದು.

ಕೊನೆಗೆ ಸಿಹಿ. ಪಿಕರೋನೆಸ್ ಇದೆಯಾ ಅಂತ ಕೇಳಿ. ಸಿಹಿಗುಂಬಳ, ಗೆಣಸು ಬೇಯಿಸಿ ಮೈದಾ, ಈಸ್ಟ್ ಜೊತೆ ಕಲಸಿ ಹುದುಗು ಬರಿಸಿದ ಹಿಟ್ಟು. ಕೈಯನ್ನು ನೀರಲ್ಲಿ ಅದ್ದಿ, ಮುಷ್ಟಿ ಹಿಟ್ಟು ತೆಗೆದು, ಹೆಬ್ಬೆರಳಲ್ಲಿ ನಡುವೆ ತೂತು ಮಾಡಿ ಎಣ್ಣೆಗೆ ಬಿಡುತ್ತಾರೆ, ನಮ್ಮಲ್ಲಿ ಉದ್ದಿನ ವಡೆ ಬಿಡುವ ಹಾಗೆಯೇ. ಕಡ್ಡಿಯಿಂದ ತಿರುವಿ ಎತ್ತಿ ಮೇಲೆ ಚಂಕಾಕಾ ಪಾಕ ಸುರಿಯುತ್ತಾರೆ. ಚಂಕಾಕಾ ಅಂದರೆ ಕಬ್ಬಿನ ಬೆಲ್ಲ. ಪಾಕಕ್ಕೆ ಲವಂಗ, ಚಕ್ಕೆ, ಕಿತ್ತಳೆ ಸಿಪ್ಪೆ ಹಾಕಿರುತ್ತಾರೆ. ಹಿಟ್ಟಿಗೆ ಕೆಲವರು ಮೊಟ್ಟೆ ಸೇರಿಸುವುದುಂಟು, ಅದೊಂದು ಕೇಳಿಕೊಳ್ಳಿ. ಊಟ ಮುಗಿದ ಮೇಲೆ ಆರ್ಡರ್ ಮಾಡಬೇಡಿ, ಮುಖ್ಯ ಊಟ ಮೇಜಿಗೆ ಬಂದಾಗಲೇ ಹೇಳಿಡಿ. ಆಗಷ್ಟೇ ಕರಿದು ಕೊಡುತ್ತಾರೆ, ಐದು ನಿಮಿಷ ಆರಿದರೂ ಮೇಲಿನ ಗರಿ ಹೋಗಿಬಿಡುತ್ತದೆ.